ಬುಡ ಮುಂದೆ

ನಾಲ್ಕಕ್ಕೇ ಕತ್ತಲು. ರೋಸ್ಟಾಕಿನ ಬಂದರಿನಿಂದ
ಬೀಸುವ ಗಾಳಿಗೆ ಉಪ್ಪಿನ ಹಲ್ಲು.
ಅಂಗಡಿಯ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ,
ಈ ಮೂರು ವಾರ ಒಂದು ಬಾಡಿಗೆ ಕಾಡು.
ಬೇಲಿಗೆ ತಂತಿ, ತಂತಿಗೆ ಬಲ್ಬು, ಬಲ್ಬಿನ ಕೆಳಗೆ ಬೆಲೆ.

ವೀಬ್ಕೆ ಚೀಟಿ ಬರೆದುಕೊಟ್ಟಿದ್ದಾಳೆ:
ನಾರ್ಡ್‌ಮನ್ ಫರ್. ಆರಡಿ, ಮೇಲೆ ಬೇಡ.
ಚುಚ್ಚಬಾರದು. ಉದುರಬಾರದು.
ಕೊನೆಗೆ, ಬೇರೆ ಪೆನ್ನಿನಲ್ಲಿ: ಅವನನ್ನೂ ಕರೆದುಕೊಂಡು ಹೋಗು.

ಅವನು ಯೋರಿನ್, ಹದಿಮೂರು ವರ್ಷ,
ನನ್ನಿಂದ ಮೂರು ಹೆಜ್ಜೆ ಹಿಂದೆ, ಕೈಯೆರಡೂ ಜೇಬಿನಲ್ಲಿ.
ಮಾರ್ಚಿನಿಂದ ಒಂದೇ ಸೂರಿನಡಿ ಇದ್ದೇವೆ.
ನನ್ನನ್ನು ನೀವು ಅನ್ನುವುದಿಲ್ಲ, ನೀನು ಎಂದೂ ಅನ್ನುವುದಿಲ್ಲ,
ಎರಡೂ ಬೇಡದ ಹಾಗೆ ಮಾತು ಮಡಚುತ್ತಾನೆ:
'ಉಪ್ಪು ಬೇಕು.' 'ಬಸ್ಸು ತಡ.' 'ಅಮ್ಮ ಮಲಗಿದ್ದಾಳೆ.'
ಹಗಲೆಲ್ಲ ಕ್ರೇನಿನಲ್ಲಿ ಕೂತು ಉಕ್ಕಿನ ಕೊಳವೆಗಳನ್ನು
ಕೂದಲೆಳೆ ತಪ್ಪದೆ ಹಡಗಿಗೆ ಇಳಿಸುವ ನನಗೆ
ಈ ಹುಡುಗನ ಪಕ್ಕ ಒಂದು ಶಬ್ದ ಇಳಿಸಲು ಬಾರದು.

ಮರ ಮಾರುವ ಹೈಡ್ರುನ್‌ಳ ಕೈಗವುಸಿಗೆ ಬೆರಳಿಲ್ಲ.
ನೀಲಿ ಪಟ್ಟಿ ಐದಡಿ, ಹಳದಿ ಆರು, ಕೆಂಪು ಶ್ರೀಮಂತರಿಗೆ.
ಒಂದೊಂದನ್ನೇ ಎತ್ತಿ, ಬುಡವನ್ನು ನೆಲಕ್ಕೆ ಕುಟ್ಟಿ,
ಗಿರ್ರನೆ ತಿರುಗಿಸಿ, 'ಇದರ ಸೊಂಟ ನೋಡಿ,' ಅನ್ನುತ್ತಾಳೆ,
'ಇದರ ಬೆನ್ನು ಗೋಡೆಗೆ ಹಾಕಿದರಾಯಿತು, ಯಾರ ಬೆನ್ನು ಸರಿಯಿದೆ?'
ನಾನು ತಲೆಯಾಡಿಸುತ್ತೇನೆ. ತಿರುಗಿ ನೋಡಿದರೆ ಹುಡುಗ ಇಲ್ಲ.

ಮೂಲೆಯಲ್ಲಿ, ಕಸದ ಡಬ್ಬಿಯ ಪಕ್ಕ, ಸ್ಪ್ರೂಸುಗಳ ರಾಶಿ.
ಅಗ್ಗದ ಜಾತಿ. ಮುಟ್ಟಿದರೆ ಚುಚ್ಚುತ್ತದೆ,
ಹೊಸವರ್ಷಕ್ಕೆ ಮೊದಲೇ ಅರ್ಧ ಬೋಳು.
ಆದರೆ ಘಮ!
ಕೈಗವುಸು ಕಳಚಿ, ಒಂದು ಚಿಗುರನ್ನು ಹೊಸಕಿ,
ಮೂಗಿಗೆ ಹಿಡಿದು ನಿಂತಿದ್ದಾನೆ ಯೋರಿನ್.
ಯಾವ ಮನೆಯ ವಾಸನೆ ಅದು, ಕೇಳಲಿಲ್ಲ.
ಫೋಟೋ ನೋಡಿದ್ದೆ ನಾನು:
ನನಗಿಂತ ಎತ್ತರದವನೊಬ್ಬ, ಅವನ ಹೆಗಲೇರಿದ ಮಗು,
ಮಗುವಿನ ಕೈಯಲ್ಲಿ ನಕ್ಷತ್ರ, ಹಿಂದೆ ಸೊಟ್ಟ ಸ್ಪ್ರೂಸ್.

ಚೀಟಿಯನ್ನು ಜೇಬಿನೊಳಗೇ ಉಂಡೆ ಮಾಡಿದೆ.
'ಇದು ಎಷ್ಟು?'
'ಇದಾ?' ನನ್ನನ್ನು ನೋಡಿದಳು, ಹುಡುಗನನ್ನು ನೋಡಿದಳು.
'ಹದಿನೆಂಟು ಯೂರೋ. ಹದಿನೈದು ಕೊಡಿ. ದೂರು ಮಾತ್ರ ತರಬೇಡಿ.'

ಗರಗಸಕ್ಕೆ ಬುಡದ ಬಿಲ್ಲೆಯೊಂದು ಕಳಚಿ ಉರುಳಿತು.
ಹೆಕ್ಕಿಕೊಂಡ. ಉಗುರಿನಿಂದ ಉಂಗುರ ಎಣಿಸಿದ.
'ಹನ್ನೊಂದು. ನನಗಿಂತ ಚಿಕ್ಕದು.'
ಹೇಳಿದ್ದು ಯಾರಿಗೋ. ಬಿಲ್ಲೆ ಅವನ ಜೇಬು ಸೇರಿತು.

ಟ್ರಾಮಿನವನು ಹತ್ತಿಸಲಿಲ್ಲ. ಬಲೆ ಹರಿದಿದೆಯಂತೆ.
ನಡೆದೆವು. ಬುಡ ನನ್ನ ಕೈಯಲ್ಲಿ, ತುದಿ ಅವನ ಕೈಯಲ್ಲಿ,
ನಮ್ಮಿಬ್ಬರ ನಡುವೆ ಸರಿಯಾಗಿ ಆರಡಿ.
ಅವನು ಕೈ ಬದಲಿಸಿದ್ದು, ಸೇತುವೆಯ ಮೇಲೆ
ಕಪ್ಪು ನೀರು ನೋಡಲು ತಡೆದದ್ದು,
ಮೂಗೊರೆಸಿಕೊಂಡದ್ದು ಕೂಡ
ಕಾಂಡದುದ್ದಕ್ಕೂ ಸರಿದು ನನ್ನ ಅಂಗೈಗೆ ಬಂತು.
ನಾನು ತಿರುಗಲಿಲ್ಲ. ತಿರುಗಿದರೆ ಮರ ತಿರುಗುತ್ತದೆ.

ಮೂರನೆಯ ಮಹಡಿ. ಮೆಟ್ಟಿಲಿಗೆಲ್ಲ ಹಸಿರು ಸೂಜಿ.
ವೀಬ್ಕೆ ಬಾಗಿಲು ತೆರೆದು ಮರ ನೋಡಿದಳು,
ಉಸಿರೆಳೆದಳು, ಒಂದು ಕ್ಷಣ ಬಿಡಲಿಲ್ಲ,
ಆಮೇಲೆ ಪೊರಕೆ ತರಲು ಹೋದಳು.

ಮರ ನಿಲ್ಲಿಸುವ ಕಬ್ಬಿಣದ ಕಾಲು ನೆಲಮಾಳಿಗೆಯಲ್ಲಿಲ್ಲ.
ಅದೂ ಎತ್ತರದವನ ಪಾಲಿಗೆ ಹೋಗಿರಬೇಕು.
ಬಕೆಟ್ಟು, ಇಟ್ಟಿಗೆ ಚೂರು, ಹಳೆಯ ಟವೆಲು.
ಕೊಂಬೆಗಳಡಿ ನಾನು ಅಂಗಾತ,
ಕಣ್ಣಿಗೆ ಸೂಜಿ, ಕಾಲರಿನೊಳಗೆ ಸೂಜಿ.
'ನೆಟ್ಟಗಾಯಿತಾ?'
'ಇಲ್ಲ.'
'ಈಗ?'
ಅವನು ಹಿಂದೆ ಸರಿದು, ಕುರ್ಚಿ ಹತ್ತಿದ ಸದ್ದು.
'ಇಲ್ಲ. ಇನ್ನೊಂಚೂರು,
ನಿನ್ನ ಕಡೆಗೆ.'

ಇಟ್ಟಿಗೆ ಸರಿಸಿದೆ.
ಮರ ವಾಲಿತು.